ಸರ್ವರ್ ಸಿಸ್ಟಂ ನಮ್ಮ ಮೇಜಿನ ಕಂಪ್ಯೂಟರಿಗೆ ಆದೀತೆ?

ಕೌತಾಳಂ: ‘ಸರ್ವರ್’ ಎಂಬ ಪದ ನಮ್ಮ ಗಡಿ ಹಳ್ಳಿಗಳಿಗೆ ಹೊಸದೇನಲ್ಲ. ಪಡಿತರ ಅಂಗಡಿಯ ಮುಂದೆ ನಿಂತವರಿಗೂ, ಪ್ರಮಾಣಪತ್ರಕ್ಕಾಗಿ ಮೀಸೇವಾ ಕೇಂದ್ರದಲ್ಲಿ ಕಾದವರಿಗೂ ‘ಸರ್ವರ್ ಡೌನ್’ ಎಂದರೆ ಏನೆಂದು ಚೆನ್ನಾಗಿ ಗೊತ್ತು. ಕನ್ನಡಕ್ಕೂ ತೆಲುಗಿಗೂ ಅನುವಾದ ಬೇಡದ ಮಾತು ಅದು! ಹಾಗೆ ದೂರದಲ್ಲೆಲ್ಲೋ ಕುಳಿತು ಸಾವಿರಾರು ಜನರಿಗೆ ಉತ್ತರ ಕೊಡುವ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಅನ್ನೇ ಮನೆಯ ಅಥವಾ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಂಡು ದಿನದ ಕೆಲಸ ಮಾಡಬಹುದೆ? ಈ ಪ್ರಶ್ನೆಗೆ ಈಗ ಮಹತ್ವ ಬಂದಿದೆ.

ಕಾರಣ ಇಷ್ಟೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಸುಮಾರಾಗಿ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕೆನ್ನುತ್ತದೆ. ಕಚೇರಿಗಳಿಂದ ಹೊರಬಿದ್ದು ಸೆಕೆಂಡ್ ಹ್ಯಾಂಡ್ ಆಗಿ ಹಳ್ಳಿ ಸೇರಿದ ಪೆಟ್ಟಿಗೆಗಳಲ್ಲಿ ಎಷ್ಟೋ ಅದಕ್ಕಿಂತ ಹಳೆಯವು. ಆದರೆ ವಿಂಡೋಸ್ ಸರ್ವರ್ 2022ಕ್ಕೆ ಟಿಪಿಎಂ ಕಡ್ಡಾಯವಲ್ಲ, ಭದ್ರತಾ ಅಪ್‌ಡೇಟುಗಳೂ 2031ರ ಅಕ್ಟೋಬರ್‌ವರೆಗೆ ಇವೆ. ‘ಹಾಗಾದರೆ ಸರ್ವರ್ ಸಿಡಿಯನ್ನೇ ಹಾಕಿಬಿಡೋಣ’ ಎಂಬ ಜಾಣತನ ಹುಟ್ಟುವುದು ಇಲ್ಲಿಂದಲೇ.

ಮೊದಲು ತಿಳಿಯಬೇಕಾದ್ದು: ಸರ್ವರ್ ಸಿಸ್ಟಂ ಎಂಬುದು ಬೇರೆ ಜಾತಿಯ ಪ್ರಾಣಿಯಲ್ಲ. 1996ರಲ್ಲಿ ವಿಂಡೋಸ್ ಎನ್‌ಟಿ 4.0 ಬಂದಾಗ ಅದರಲ್ಲಿ ವರ್ಕ್‌ಸ್ಟೇಷನ್ ಮತ್ತು ಸರ್ವರ್ ಎಂಬ ಎರಡು ಮಾದರಿಗಳಿದ್ದವು, ಬೆಲೆಯಲ್ಲಿ ಭಾರಿ ಅಂತರ. ಮಾರ್ಕ್ ರುಸಿನೋವಿಚ್ ಎಂಬ ತಜ್ಞ ಒಳಹೊಕ್ಕು ನೋಡಿದರೆ ಎರಡರ ತಿರುಳೂ ಒಂದೇ! ರಿಜಿಸ್ಟ್ರಿಯಲ್ಲಿನ ಒಂದೆರಡು ನಮೂದುಗಳನ್ನು ನೋಡಿಕೊಂಡು ‘ನಾನು ಸರ್ವರ್’ ಅಥವಾ ‘ನಾನು ವರ್ಕ್‌ಸ್ಟೇಷನ್’ ಎಂದು ಅದು ವರ್ತಿಸುತ್ತಿತ್ತು. (ಇದೇ ರುಸಿನೋವಿಚ್ 2006ರಲ್ಲಿ ಮೈಕ್ರೋಸಾಫ್ಟನ್ನೇ ಸೇರಿದರು ಅನ್ನಿ.) ಮುಂದೆಯೂ ಹಾಗೆಯೇ ನಡೆಯಿತು. 2008ರ ವಿಂಡೋಸ್ ಸರ್ವರ್‌ದೂ ವಿಸ್ಟಾದ ಮೊದಲ ಸರ್ವೀಸ್ ಪ್ಯಾಕ್‌ದೂ ತಿರುಳು ಒಂದೇ. ವಿಸ್ಟಾ ಭಾರವೆಂದು ಗೊಣಗುತ್ತಿದ್ದ ಉತ್ಸಾಹಿಗಳು ಆಗ ಸರ್ವರ್ 2008 ಹಾಕಿಕೊಂಡು ‘ಎಷ್ಟು ಹಗುರ’ ಎಂದು ಬೀಗಿದ್ದುಂಟು. ಹಗುರವಾಗಿ ಕಂಡದ್ದು ಅಲಂಕಾರ, ಧ್ವನಿ, ಹಿನ್ನೆಲೆಯ ಸಣ್ಣಪುಟ್ಟ ಸೇವೆಗಳೆಲ್ಲ ಮೊದಲೇ ಬಂದ್ ಆಗಿದ್ದರಿಂದ.

ಹಾಗಾದರೆ ವ್ಯತ್ಯಾಸ ಎಲ್ಲಿ? ಸರದಿಯಲ್ಲಿ. ಕಿರಾಣಿ ಅಂಗಡಿಯವ ಎದುರಿಗೆ ನಿಂತು ಕೂಗಿದವನಿಗೆ ಮೊದಲು ಕಟ್ಟಿಕೊಡುತ್ತಾನೆ. ಡೆಸ್ಕ್‌ಟಾಪ್ ವಿಂಡೋಸ್ ಕೂಡ ನಿಮ್ಮ ಕಣ್ಣೆದುರು ತೆರೆದಿರುವ ಕಿಟಕಿಗೆ ಹೆಚ್ಚು ಗಮನ ಕೊಟ್ಟು, ಉಳಿದವಕ್ಕೆ ಸಣ್ಣ ಸಣ್ಣ ಸರದಿ ಹಂಚುತ್ತದೆ. ಸರ್ವರ್ ಹಾಗಲ್ಲ, ಸರ್ಕಾರಿ ಆಸ್ಪತ್ರೆಯ ಚೀಟಿಯ ಸಾಲಿನಂತೆ. ಎಲ್ಲರಿಗೂ ಸಮನಾದ ಉದ್ದನೆಯ ಸರದಿ. ಲೆಕ್ಕದಲ್ಲಿ ಹೇಳುವುದಾದರೆ ಡೆಸ್ಕ್‌ಟಾಪಿನಲ್ಲಿ ಮೂಲ ಸರದಿ ಗಡಿಯಾರದ 2 ಮಿಡಿತ, ಸರ್ವರಿನಲ್ಲಿ 12. ನೂರಾರು ಜನರಿಗೆ ಕಡತ ಹಂಚುವ ಯಂತ್ರಕ್ಕೆ ಅದು ಸರಿ. ಅರ್ಜಿ ಟೈಪ್ ಮಾಡುವವರಿಗೆ ಅಷ್ಟು ಹಿತವಲ್ಲ. ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ‘ಬ್ಯಾಕ್‌ಗ್ರೌಂಡ್ ಸರ್ವೀಸಸ್’ ಬದಲು ‘ಪ್ರೋಗ್ರಾಮ್ಸ್’ ಆರಿಸಿದರೆ ಇದು ಸರಿಹೋಗುತ್ತದೆ.

ಇಂಥ ಬದಲಾವಣೆಗಳು ಒಂದಲ್ಲ, ಹಲವು. ಹಾಕುವಾಗಲೇ ‘ಡೆಸ್ಕ್‌ಟಾಪ್ ಎಕ್ಸ್‌ಪೀರಿಯೆನ್ಸ್’ ಇರುವುದನ್ನು ಆರಿಸಬೇಕು, ಇಲ್ಲವಾದರೆ ಬರೀ ಕಪ್ಪು ಪರದೆ. ಧ್ವನಿಯ ಸೇವೆಯನ್ನು ನಾವೇ ಚಾಲೂ ಮಾಡಬೇಕು. ವೈಫೈ ಬೇಕೆಂದರೆ ವೈರ್‌ಲೆಸ್ ಸೇವೆಯನ್ನು ಪ್ರತ್ಯೇಕವಾಗಿ ಸೇರಿಸಬೇಕು. ಬಂದ್ ಮಾಡುವಾಗ ‘ಯಾಕೆ ಬಂದ್ ಮಾಡುತ್ತೀರಿ’ ಎಂದು ಕಾರಣ ಕೇಳುತ್ತದೆ. ಕರೆಂಟ್ ಹೋಗಿ ತಾನೇ ಆರಿದರೂ ಬಿಡುವುದಿಲ್ಲ, ಮತ್ತೆ ಲಾಗಿನ್ ಆದ ಕೂಡಲೇ ‘ಅನಿರೀಕ್ಷಿತವಾಗಿ ಆರಿದ್ದೇಕೆ’ ಎಂದು ವಿಚಾರಣೆ! ಬೇಸಿಗೆಯಲ್ಲಿ ನಮ್ಮ ಕಡೆ ಅದಕ್ಕೆ ದಿನಕ್ಕೆ ಎಷ್ಟು ಸಲ ಉತ್ತರ ಬರೆಯಬೇಕಾದೀತೋ.

ಇವೆಲ್ಲ ಒಂದು ಸಂಜೆಯ ಕೆಲಸ. ನಿಜವಾದ ತೊಡಕು ಹಣದ್ದು. ವಿಂಡೋಸ್ ಸರ್ವರ್ 2022ರ ಸ್ಟಾಂಡರ್ಡ್ ಲೈಸೆನ್ಸ್ ಪಟ್ಟಿಯ ಬೆಲೆಯೇ ಸಾವಿರ ಡಾಲರಿಗಿಂತ ಮೇಲೆ. ಹಳೆಯ ಪೆಟ್ಟಿಗೆಯ ಬೆಲೆಗೆ ಹೋಲಿಸಿದರೆ ಎತ್ತಿಗಿಂತ ಮೂಗುದಾರವೇ ದುಬಾರಿ. ಪುಕ್ಕಟೆ ಸಿಗುವುದು 180 ದಿನಗಳ ಪ್ರಯೋಗ ಪ್ರತಿ. ಆ ಅವಧಿ ಮುಗಿದ ಮೇಲೆ ಯಂತ್ರ ಗಂಟೆಗೊಮ್ಮೆ ತಾನೇ ಆರಿಹೋಗುತ್ತದೆ. ಅದಕ್ಕೆ ‘ಕ್ರ್ಯಾಕ್’ ಹಾಕಿಕೊಡುತ್ತೇವೆ ಎನ್ನುವವರು ಇರುತ್ತಾರೆ. ಊರಿನವರ ಆಧಾರ್, ಪಾಸ್‌ಪುಸ್ತಕ, ಬ್ಯಾಂಕ್ ಖಾತೆಯ ಪ್ರತಿಗಳು ಹಾದುಹೋಗುವ ಯಂತ್ರಕ್ಕೆ ಎಲ್ಲಿಯದೋ ಕದ್ದ ತಂತ್ರಾಂಶ ಹಾಕುವುದು ಎಂದರೆ, ಮನೆಯ ಬೀಗದ ಕೈಯನ್ನು ಅಪರಿಚಿತನಿಗೆ ಕೊಟ್ಟಂತೆ. ಈ ದಾರಿ ಬೇಡ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನೊಂದು ದಾರಿ ಇದೆ, ಅದು ಲಿನಕ್ಸ್. 1993ರಲ್ಲಿ ಶುರುವಾದ ಡೆಬಿಯನ್ ಎಂಬ ಸಿಸ್ಟಂ ಜಗತ್ತಿನ ಅಸಂಖ್ಯ ಸರ್ವರುಗಳನ್ನು ನಡೆಸುತ್ತಿದೆ. ಸ್ವಾರಸ್ಯವೆಂದರೆ ಅದರಲ್ಲಿ ಸರ್ವರಿಗೊಂದು, ಮನೆಗೊಂದು ಎಂಬ ಭೇದವೇ ಇಲ್ಲ. ಹಾಕುವಾಗ ‘ಡೆಸ್ಕ್‌ಟಾಪ್’ ಎಂಬಲ್ಲಿ ಗುರುತು ಹಾಕಿದರೆ ಮೇಜಿನ ಕಂಪ್ಯೂಟರು, ಹಾಕದಿದ್ದರೆ ಸರ್ವರ್. ಬೆಲೆ ಇಲ್ಲ, ಆಕ್ಟಿವೇಷನ್ ಇಲ್ಲ. ಚೆನ್ನೈನ ಸಿ-ಡ್ಯಾಕ್ 2007ರಲ್ಲಿ ಹೊರತಂದ ಬಾಸ್ ಲಿನಕ್ಸ್‌ಗೂ ಡೆಬಿಯನ್ನೇ ಅಡಿಪಾಯ.

‘ಅದೆಲ್ಲ ಪಟ್ಟಣದವರಿಗೆ’ ಎನ್ನುವವರು ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡನ್ನು ನೋಡಬೇಕು. 2001ರಲ್ಲಿ ಆರಂಭವಾದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಿಗೆ ಮೊದಲು ಡೆಬಿಯನ್ ಆಧಾರದ, ಆಮೇಲೆ ಉಬುಂಟು ಆಧಾರದ ಲಿನಕ್ಸ್ ಕೊಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಕಂಪ್ಯೂಟರ್ ಕಲಿತರು.

ಎರಡು ಲಿಪಿ ಬಳಸುವ ನಮಗೆ ಇಲ್ಲೊಂದು ಅನುಕೂಲವೂ ಉಂಟು. ಯೂನಿಕೋಡ್‌ನಲ್ಲಿ ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ಓಣಿಗಳು. ತೆಲುಗಿನ ‘ಕ’ ಅಕ್ಷರದ ಸಂಖ್ಯೆ 3093, ಕನ್ನಡದ ‘ಕ’ 3221. ಅಂತರ ಸರಿಯಾಗಿ 128. ‘ತ’ ನೋಡಿ, ‘ಮ’ ನೋಡಿ, ಅಷ್ಟೇ ಅಂತರ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲೂ ಎರಡಕ್ಕೂ ಅದೇ ಗುಂಡಿಗಳು. ಒಂದು ಭಾಷೆಯಲ್ಲಿ ಬೆರಳು ಪಳಗಿದರೆ ಇನ್ನೊಂದು ತಾನಾಗಿ ಬಂತೆಂದೇ ಲೆಕ್ಕ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಾದವರಿಗೆ ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ವಿನ್ಯಾಸವೂ ಇದೆ. ಲೋಹಿತ್ ಫಾಂಟ್ ಎರಡು ಲಿಪಿಗೂ ಸಿಗುತ್ತದೆ. ಹೊಳೆಯ ಆಚೆ ಸಿರುಗುಪ್ಪದ ಕಡೆ ಒಂದಿಷ್ಟು, ಈಚೆ ಒಂದಿಷ್ಟು ಹೊಲ ಇರುವವರು ಭೂಮಿ ತಾಣದಲ್ಲಿ ಪಹಣಿ, ಮೀಭೂಮಿ ತಾಣದಲ್ಲಿ ಅಡಂಗಲ್ ನೋಡುವುದು ಬ್ರೌಸರಿನಲ್ಲೇ ಆಗುವ ಕೆಲಸ.

ಹಾಗೆಂದು ಎಲ್ಲ ಅಂಗಡಿಗೂ ಇದು ಒಗ್ಗದು. ಅನು ಸ್ಕ್ರಿಪ್ಟ್ ಮತ್ತು ಪೇಜ್‌ಮೇಕರಿನಲ್ಲಿ ತೆಲುಗು ಲಗ್ನಪತ್ರಿಕೆ ಮಾಡುವವರು ವಿಂಡೋಸ್ ಬಿಟ್ಟು ಬರುವಂತಿಲ್ಲ. ಬೆರಳಚ್ಚು ಯಂತ್ರದಿಂದ ಹಣ ಕೊಡುವವರು ಆ ಯಂತ್ರದ ಆರ್‌ಡಿ ಸರ್ವೀಸ್ ಲಿನಕ್ಸಿಗೆ ಇದೆಯೇ ಎಂದು ಮೊದಲು ವಿಚಾರಿಸಬೇಕು. ನುಡಿ, ಬರಹದ ಹಳೆಯ ಫಾಂಟಿನ ಕಡತಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ. ಪ್ರಿಂಟರ್ ವಿಷಯ ಇನ್ನೂ ಸೂಕ್ಷ್ಮ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಒಂದು ಪ್ಲಗಿನ್ ಇಳಿಸಿಕೊಂಡರೆ ಸಾಕು, ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸಿನಲ್ಲಿ ತಾಳ್ಮೆ ಪರೀಕ್ಷಿಸುತ್ತದೆ.

ಯಂತ್ರ ಎಷ್ಟು ಹಳೆಯದು ಎಂಬುದನ್ನೂ ನೋಡಬೇಕು. 2032ರವರೆಗೆ ಅಪ್‌ಡೇಟ್ ಇರುವ ಆಲ್ಮಾಲಿನಕ್ಸ್ 9 ಕೋರ್ 2 ಡ್ಯುಯೊ ಮೇಲೆ ಓಡುವುದಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಓಡುತ್ತದೆ. 32 ಬಿಟ್‌ನ ಹಳೆಯ ಪೆಂಟಿಯಂಗಳಿಗೆ ಡೆಬಿಯನ್ 13ನ್ನೂ ಹೊಸದಾಗಿ ಹಾಕಲಾಗದು. ಡೆಬಿಯನ್ನಿನ ‘ಲೈವ್’ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ ಅದರಿಂದಲೇ ಕಂಪ್ಯೂಟರ್ ಶುರುಮಾಡಿದರೆ, ಹಾರ್ಡ್ ಡಿಸ್ಕನ್ನು ಮುಟ್ಟದೆ ಪರೀಕ್ಷಿಸಬಹುದು. ವೈಫೈ ಸಿಕ್ಕಿತೆ, ಧ್ವನಿ ಬಂತೆ, ಎರಡೂ ಲಿಪಿಯಲ್ಲಿ ಒಂದು ಪುಟ ಪ್ರಿಂಟ್ ಆಯಿತೆ ಎಂದು ನೋಡಿಕೊಂಡೇ ಹಳೆಯದನ್ನು ಅಳಿಸಿ.