ಮೂಳೆ ಕ್ಯಾನ್ಸರ್ ಮತ್ತು ಮೈಕ್ರೋ ಆರ್‌ಎನ್‌ಎ

ಮೂಳೆಯಲ್ಲಿಯೇ ಹುಟ್ಟುವ ಕ್ಯಾನ್ಸರುಗಳ ಪೈಕಿ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹೆಚ್ಚಾಗಿ ಕಂಡುಬರುವುದು ಆಸ್ಟಿಯೋಸಾರ್ಕೋಮಾ. ರೋಗ ವಿರಳವಾದುದೇ, ಆದರೆ ಶರೀರವು ವೇಗವಾಗಿ ಎತ್ತರಗೊಳ್ಳುವ ವಯಸ್ಸನ್ನೇ ಅದು ಆರಿಸಿಕೊಳ್ಳುತ್ತದೆ. ಮೊಣಕಾಲಿನ ಆಸುಪಾಸಿನ ಮೂಳೆತುದಿಗಳು ಅದರ ಮುಖ್ಯ ನೆಲೆ. ಅಲ್ಲಿ ಜೀವಕೋಶಗಳ ಬೆಳವಣಿಗೆಯು ಅಂಕೆ ಮೀರುವುದರಲ್ಲಿ ಮೈಕ್ರೋ ಆರ್‌ಎನ್‌ಎಗಳ ಪಾತ್ರವೂ ಇದೆ.

ಡಿಎನ್‌ಎಯಲ್ಲಿರುವ ಆದೇಶವನ್ನು ಸಂದೇಶವಾಹಕ ಆರ್‌ಎನ್‌ಎ ಹೊತ್ತು ತರುತ್ತದೆ, ಅದರಂತೆ ಪ್ರೋಟೀನ್ ತಯಾರಾಗುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಮೈಕ್ರೋ ಆರ್‌ಎನ್‌ಎ ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ಸುಮಾರು 22 ನ್ಯೂಕ್ಲಿಯೋಟೈಡುಗಳಷ್ಟೇ ಉದ್ದದ ಈ ತುಣುಕು ಸಂದೇಶವಾಹಕಕ್ಕೆ ಅಂಟಿಕೊಂಡು ಆದೇಶವು ಜಾರಿಯಾಗದಂತೆ ತಡೆಯುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಇದನ್ನು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಗುರುತಿಸಿದಾಗ ವಿಜ್ಞಾನಲೋಕವು ಅಷ್ಟಾಗಿ ಗಮನಿಸಲಿಲ್ಲ. ಆ ಶೋಧಕ್ಕೆ ನೊಬೆಲ್ ಪ್ರಶಸ್ತಿ ದೊರೆತದ್ದು 2024ರಲ್ಲಿ.

ಈ ತಡೆಯು ಹಿತವೋ ಅಹಿತವೋ ಎಂಬುದು ಯಾವ ಆದೇಶವನ್ನು ತಡೆಯಲಾಯಿತು ಎಂಬುದನ್ನು ಅವಲಂಬಿಸಿದೆ. ಮಿರ್-34ಎ ಎಂಬುದು ಕೋಶವಿಭಜನೆಗೆ ಕಡಿವಾಣ ಹಾಕುತ್ತದೆ. ಅದರ ಉತ್ಪಾದನೆಗೆ ಪ್ರೇರಣೆ ನೀಡುವುದು ಪಿ53 ಎಂಬ ಕಾವಲು ಪ್ರೋಟೀನ್. ಆಸ್ಟಿಯೋಸಾರ್ಕೋಮಾದಲ್ಲಿ ಪಿ53ರ ವಂಶವಾಹಿಯು ಅನೇಕ ವೇಳೆ ಹಾಳಾಗಿರುತ್ತದೆ, ಮಿರ್-34ಎ ಪ್ರಮಾಣ ಕುಗ್ಗಿರುತ್ತದೆ. ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನುಗಳಿಗೆ ಲಗಾಮು ಇಲ್ಲವಾಗುತ್ತದೆ. ಮಿರ್-143 ತಗ್ಗಿದಾಗ ಸುತ್ತಲಿನ ಅಂಗಾಂಶವನ್ನು ಕರಗಿಸುವ ಕಿಣ್ವವೊಂದು ಹೆಚ್ಚಿ, ರೋಗವು ಶ್ವಾಸಕೋಶಕ್ಕೆ ಹರಡಲು ಅನುಕೂಲವಾಗುತ್ತದೆ. ಮಿರ್-21ರ ರೀತಿ ಇದಕ್ಕೆ ವಿರುದ್ಧ. ಅದು ಗೆಡ್ಡೆಯಲ್ಲಿ ಅಧಿಕವಾಗಿದ್ದು, ಹರಡುವಿಕೆಯನ್ನು ತಡೆಯುವ ರೆಕ್ ಎಂಬ ಪ್ರೋಟೀನನ್ನೇ ಅಡಗಿಸುತ್ತದೆ.

ಹಾಗಾದರೆ ಕುಂದಿದ್ದನ್ನು ಹೊರಗಿನಿಂದ ತುಂಬಬಾರದೇಕೆ? ಮಿರ್-34ಎಯ ಕೃತಕ ಪ್ರತಿರೂಪವನ್ನು 2013ರಿಂದ ಬೇರೆ ಬೇರೆ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಲಾಯಿತು. ರೋಗನಿರೋಧಕ ವ್ಯವಸ್ಥೆಯ ತೀವ್ರ ಪ್ರತಿಕ್ರಿಯೆಯಿಂದ ಪ್ರಾಣಹಾನಿಯೂ ಸಂಭವಿಸಿದ್ದರಿಂದ 2016ರಲ್ಲಿ ಪ್ರಯೋಗವನ್ನು ನಿಲ್ಲಿಸಲಾಯಿತು. ಆದ್ದರಿಂದ ಮೈಕ್ರೋ ಆರ್‌ಎನ್‌ಎ ಹೆಸರಿನಲ್ಲಿ ಯಾರಾದರೂ ಮೂಳೆ ಕ್ಯಾನ್ಸರಿಗೆ ಮದ್ದು ಮಾರಿದರೆ ನಂಬತಕ್ಕದ್ದಲ್ಲ. ಇಂದಿಗೂ ಆಧಾರವಾಗಿರುವುದು ಕಿಮೋಥೆರಪಿ ಮತ್ತು ಶಸ್ತ್ರಚಿಕಿತ್ಸೆ; ಅನೇಕರಲ್ಲಿ ಕಾಲನ್ನು ಕತ್ತರಿಸದೆಯೇ ಗೆಡ್ಡೆಯನ್ನು ತೆಗೆಯುವುದು ಈಗ ಸಾಧ್ಯ.

ಆಟದಲ್ಲಿ ಆದ ಪೆಟ್ಟೆಂದೋ ಬೆಳೆಯುವ ವಯಸ್ಸಿನ ನೋವೆಂದೋ ಇದನ್ನು ಕಡೆಗಣಿಸುವುದೇ ಹೆಚ್ಚು. ಒಂದೇ ಕಡೆ ವಾರಗಟ್ಟಲೆ ಉಳಿದು, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಜೊತೆಗೆ ಊತವೂ ಇದ್ದರೆ, ಎಣ್ಣೆ ತಿಕ್ಕಿಸುವುದಕ್ಕೆ ಮೊದಲು ಎಕ್ಸ್‌ರೇ ಮಾಡಿಸಬೇಕು. ಶ್ವಾಸಕೋಶಕ್ಕೆ ಹರಡುವ ಮುನ್ನ ಪತ್ತೆಯಾದ ರೋಗಿಗಳಲ್ಲಿ ಸಮರ್ಪಕ ಚಿಕಿತ್ಸೆ ದೊರೆತರೆ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳ ಗಡಿಯನ್ನು ದಾಟುತ್ತಾರೆ. ಹರಡಿದ ಮೇಲೆ ಆ ಪ್ರಮಾಣ ಬಹಳ ಕೆಳಗಿಳಿಯುತ್ತದೆ.