ಹದಿನಾರಾಣೆ ಖರೆ

ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ನಮ್ಮ ಕಡೆಯ ಹೆಣ್ಣುಮಗಳು ಗಿರಾಕಿಯ ಹತ್ತಿರ ಕೊಂಕಣಿಯಲ್ಲಿ ‘ಸುಟ್ಟೆ’ ಕೇಳುತ್ತಾಳೆ. ಸಿಗದಿದ್ದರೆ ಪಕ್ಕದವಳ ಕಡೆ ತಿರುಗಿ, ‘ಅಕ್ಕಾ, ಚಿಲ್ಲರ ಅದಾವೇನು?’ ಅನ್ನುತ್ತಾಳೆ. ಗೋವಾದ ಕನ್ನಡಿಗರ ಬಾಯಲ್ಲಿ ಎರಡೂ ಮಾತು ಸಲೀಸು.

ದುಡ್ಡು ಮೊದಲು ಒಂದು ತಾಮ್ರದ ನಾಣ್ಯದ ಹೆಸರು. ಈಗ ಕನ್ನಡ, ಕೊಂಕಣಿ ಎರಡರಲ್ಲೂ ಹಣವೆಲ್ಲ ದುಡ್ಡೇ. ಕಾಸು ಪೋರ್ಚುಗೀಸರ ಬಾಯಲ್ಲಿ ‘ಕೈಶಾ’ ಆಯಿತು. ನಮ್ಮಲ್ಲಿ ಬಿಡಿಗಾಸು, ಪುಡಿಗಾಸು, ಚಿಕ್ಕಾಸು ಎಂದು ಸಣ್ಣದಾಗಿಯೇ ಉಳಿಯಿತು.

ಇವೆಲ್ಲದರಲ್ಲಿ ಗಟ್ಟಿ ಜೀವ ಆಣೆಯದು. ಭಾರತ 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ಪೈಸೆ ಮಾಡಿ ಹದಿನಾರಾಣೆಯ ಲೆಕ್ಕ ಕೈಬಿಟ್ಟಿತು. ಆಗಿನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದಲ್ಲೂ ಲೆಕ್ಕ ಹದಿನಾರರದ್ದೇ: ಒಂದು ರುಪಿಯಾಕ್ಕೆ ಹದಿನಾರು ತಂಗಾ. ಮುಂದೆ ಪೋರ್ಚುಗೀಸರು ಅದನ್ನು ತೆಗೆದು, ರುಪಿಯಾಕ್ಕೆ ಆರರಂತೆ ಎಸ್ಕುಡೊ ತಂದರು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆ ಎಸ್ಕುಡೊ ಕೂಡ ಹೋಯಿತು. ಆದರೂ ಉತ್ತರ ಕರ್ನಾಟಕದ ರೈತ ಇವತ್ತಿಗೂ ‘ಈ ಸಲ ಎಂಟಾಣೆ ಬೆಳಿ’ ಅಂದರೆ ಅರ್ಧ ಬೆಳೆ ಹೋಯಿತೆಂದು ತಿಳಿಯಬೇಕು. ನಂಬಿಕೆಯ ಮಾತಿಗೆ ‘ಹದಿನಾರಾಣೆ ಖರೆ’ ಅನ್ನುತ್ತೇವೆ, ‘ನೂರು ಪೈಸೆ ಖರೆ’ ಅಂತ ಯಾರೂ ಅಂದದ್ದು ಕೇಳಿಲ್ಲ. ರೂಪಾಯಿಯೊಳಗೆ ಒಂದಾಣೆಯೂ ಕಮ್ಮಿಯಿಲ್ಲ ಅನ್ನುವ ಭರವಸೆ ಆ ಮಾತಿನಲ್ಲಿದೆ.

ಚಿಲ್ಲರೆಗೆ ಮಾತ್ರ ನಾವು ಅನ್ಯಾಯ ಮಾಡಿದ್ದೇವೆ. ‘ಚಿಲ್ಲರೆ ಬುದ್ಧಿ’, ‘ಚಿಲ್ಲರೆ ಜನ’ ಎಂದು ಅದನ್ನು ಬೈಗುಳಕ್ಕೆ ಇಳಿಸಿದ್ದು ನನಗೆ ಒಪ್ಪಿಗೆಯಿಲ್ಲ. ಬೆಳಗಾವಿಯಿಂದ ಘಟ್ಟ ಇಳಿದು ಬರುವ ತರಕಾರಿ ಗೋವಾದ ಅಡುಗೆಮನೆ ಮುಟ್ಟುವುದು ಹತ್ತು, ಇಪ್ಪತ್ತು ರೂಪಾಯಿಯ ಚಿಲ್ಲರೆ ವ್ಯಾಪಾರದಿಂದಲೇ. ಬಾಯ್ನಾದಲ್ಲಿ, ಝುವಾರಿನಗರದಲ್ಲಿ ನೆಲೆನಿಂತ ಎಷ್ಟೋ ಮನೆಗಳ ಬಾಡಿಗೆ, ಮಕ್ಕಳ ಫೀ ಎಲ್ಲ ಹೀಗೆ ಸಣ್ಣ ಸಣ್ಣದಾಗಿ ಕೂಡಿದ್ದು. ಅಂಥ ದುಡಿಮೆಯ ಹೆಸರಿಟ್ಟು ಇನ್ನೊಬ್ಬರನ್ನು ಹೀಗಳೆಯುವುದು ಸರಿಯಲ್ಲ.

ನಾಲ್ಕಾಣೆ ಎಂದು ಕರೆಯುತ್ತಿದ್ದ 25 ಪೈಸೆಯ ನಾಣ್ಯ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಈಗ ಬುಟ್ಟಿಯ ಪಕ್ಕದಲ್ಲೇ ಕ್ಯೂಆರ್ ಕೋಡ್ ನಿಂತಿದೆ. ಚಿಲ್ಲರೆ ಹುಡುಕುವ ತಾಪತ್ರಯ ಕಮ್ಮಿಯಾಯಿತು, ಒಳ್ಳೆಯದೇ. ಆದರೆ ಗೋವಾದಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಬೇರೆ ಭಾಷೆ ಕಲಿಯುತ್ತಾರೆ, ಆಣೆಯನ್ನಂತೂ ಕಣ್ಣಾರೆ ಕಂಡಿಲ್ಲ. ಸತ್ಯಕ್ಕೆ ಯಾಕೆ ಹದಿನಾರೇ ಆಣೆ ಎಂದು ಮನೆಯಲ್ಲಿ ನೀವೇ ಹೇಳಿಕೊಡಬೇಕು.