ಫ್ರಾನ್ಸಿನ ಹಳೇ ಫಿಲ್ಮ್‌ನಲ್ಲಿ ನಮ್ಮಂಥೋರು

ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹೋದ ಭಾನುವಾರ ಅಕ್ಕನ ಮಗ ಮೊಬೈಲ್ ಹಿಡ್ಕೊಂಡು ಬಂದ. "ಮಾವ, ಇದು ನೋಡಿ ಇಲ್ಲಿ" ಅಂತ ಹಳೇ ಫಿಲ್ಮ್ ತುಣುಕುಗಳನ್ನ ತೋರಿಸಿದ. ಮೊದಲನೇ ಮಹಾಯುದ್ಧದ ಕಾಲದವು. ಅಮೆರಿಕದ ಸೇನೆಯಲ್ಲಿ ಸಿಗ್ನಲ್ ಕೋರ್ ಅಂತ ಒಂದು ವಿಭಾಗ. ಯುದ್ಧದ ಫೋಟೋ, ಫಿಲ್ಮ್ ತೆಗೆಯೋ ಕೆಲಸ ಅವರಿಗೇ ಕೊಟ್ಟಿದ್ದರು. ಆ ರೀಲುಗಳು ಈಗ ಆ ದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮಾತಿಲ್ಲ, ಬರೀ ಚಿತ್ರ. ಫ್ರಾನ್ಸಿನ ಬಂದರು, ಹಡಗು, ರಾಶಿ ರಾಶಿ ಪೆಟ್ಟಿಗೆ. ಅದನ್ನ ಇಳಿಸ್ತಿರೋರು ಕಪ್ಪು ಸೈನಿಕರು. ಮೈಮೇಲೆ ಸೇನೆಯ ಬಟ್ಟೆ, ಹೆಗಲ ಮೇಲೆ ಮೂಟೆ. ಹುಡುಗ ಕೇಳಿದ: "ಇವರು ಸೈನಿಕರಾ, ಹಮಾಲರಾ?"

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ ವಾರ ಪೂರ್ತಿ ಓದಿದೆ. ಆಫೀಸಲ್ಲಿ ಊಟದ ಹೊತ್ತಲ್ಲೂ ಓದಿದೆ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳೀತು. ಸುಮಾರು 3,80,000 ಕಪ್ಪುಜನ ಸೇನೆ ಸೇರಿದರು. ಅವರಲ್ಲಿ ಸುಮಾರು ಎರಡು ಲಕ್ಷ ಜನರನ್ನ ಯುರೋಪಿಗೆ ಕಳಿಸಿದರು. ಬಂದೂಕು ಹಿಡಿದು ಕಾಳಗದ ದಳಗಳಲ್ಲಿ ಇದ್ದೋರು ಸುಮಾರು 42,000. ಅಂದ್ರೆ ಐದರಲ್ಲಿ ಒಬ್ಬ. ಉಳಿದ ನಾಲ್ವರಿಗೆ ಸೇಂಟ್ ನಜೇರ್, ಬ್ರೆಸ್ಟ್, ಬೋರ್ಡೊ ಬಂದರುಗಳಲ್ಲಿ ಹಡಗಿನ ಸಾಮಾನು ಇಳಿಸೋದು, ರಸ್ತೆ ಹಾಕೋದು, ರೈಲು ಹಳಿ ಜೋಡಿಸೋದು, ಮರ ಕಡಿಯೋದು. ಸೇನೆಯೊಳಗೂ ಒಂದು ಕೇರಿ.

1918ರ ನವೆಂಬರ್ 11ಕ್ಕೆ ಗುಂಡಿನ ಸದ್ದು ನಿಂತಿತು. ಆಮೇಲೆ ಇನ್ನೊಂದು ಕೆಲಸ ಬಾಕಿ ಇತ್ತು. ರಣರಂಗದಲ್ಲಿ ಅಲ್ಲಲ್ಲೇ ಹೂತಿದ್ದ ಅಮೆರಿಕನ್ ಸೈನಿಕರ ಹೆಣಗಳನ್ನ ಅಗೆದು ತೆಗೆದು, ಪೆಟ್ಟಿಗೆಗೆ ಹಾಕಿ, ರೋಮಾನ್ ಅನ್ನೋ ಊರಿನ ಹತ್ತಿರ ದೊಡ್ಡ ಸ್ಮಶಾನದಲ್ಲಿ ಮತ್ತೆ ಹೂಳಬೇಕಿತ್ತು. ತಿಂಗಳುಗಟ್ಟಲೆ ಕೊಳೆತ ಹೆಣಗಳು. ಯಾರಿಗೆ ಹೇಳಿದರು? ಹೆಚ್ಚಾಗಿ ಕಪ್ಪು ದಳಗಳಿಗೇ. ಬಿಳಿ ಸೈನಿಕರು ಮನೆಗೆ ಹೋಗೋ ಹಡಗು ಹತ್ತುತ್ತಿದ್ದಾಗ ಇವರು ಗುಂಡಿ ತೋಡ್ತಿದ್ದರು. ಮ್ಯೂಸ್-ಆರ್ಗೋನ್ ಸ್ಮಶಾನ ಅಂತ ಈಗ ಅದಕ್ಕೆ ಹೆಸರು. 14,246 ಸಮಾಧಿ, ಬಿಳೀ ಕಲ್ಲು, ಹಸಿರು ಹುಲ್ಲು, ನೋಡೋಕೆ ಬಹಳ ಚೆನ್ನಾಗಿದೆ.

ಇಲ್ಲಿಗೆ ಬಂದಾಗ ಓದು ನಿಲ್ಲಿಸಿಬಿಟ್ಟೆ. ನಮ್ಮ ತಾತ ಕೋಟೆ ಕಡೆ ಊರಲ್ಲಿ ತೋಟಿ ಚಾಕರಿ ಮಾಡ್ದೋರು. ಊರಲ್ಲಿ ಯಾರೇ ಸತ್ತರೂ ಹತ್ತು ಮೈಲಿ ನಡೆದು ನೆಂಟರಿಗೆ ಸುದ್ದಿ ಮುಟ್ಟಿಸೋರು ಅವರೇ, ಬಂದು ಗುಂಡಿ ತೋಡೋರು ಅವರೇ. ಮುಚ್ಚೋದಾದ ಮೇಲೆ ದೂರ ಹೋಗಿ ನಿಲ್ಲಬೇಕಿತ್ತು. ತಿಥಿ ಊಟ ಹಟ್ಟಿಗೆ ಬರ್ತಿತ್ತು, ಎಲ್ಲರ ಊಟ ಆದ ಮೇಲೆ. ಮಣ್ಣು ಯಾರದಾದರೂ ಆಗಲಿ, ಗುದ್ದಲಿ ನಮ್ಮ ಕೈಗೇ ಬರುತ್ತಲ್ಲ ಅಂತ ತಾತ ಒಮ್ಮೆ ನಗಾಡಿದ್ದು ನೆನಪಿದೆ. ಫ್ರಾನ್ಸು ಎಲ್ಲಿ, ಕೋಟೆ ಎಲ್ಲಿ.

ಈಗ ಆ ಐದರಲ್ಲಿ ಒಬ್ಬನ ಕತೆ. ನ್ಯೂಯಾರ್ಕಿನ ಹಾರ್ಲೆಮ್ ಕಡೆಯ ಹುಡುಗರ ದಳ ಒಂದಿತ್ತು, ಆಮೇಲೆ ಅದಕ್ಕೆ 369ನೇ ಪದಾತಿ ದಳ ಅಂತ ನಂಬರು ಬಂತು. ಊರಿಂದ ಹೊರಡೋ ಮುಂಚೆ ಬಿಳಿ ಸೈನಿಕರ 'ರೇನ್‌ಬೋ ಡಿವಿಷನ್' ಮೆರವಣಿಗೆಯಲ್ಲಿ ನಾವೂ ನಡೀತೀವಿ ಅಂತ ಕೇಳಿದರೆ, ಕಾಮನಬಿಲ್ಲಿನಲ್ಲಿ ಕಪ್ಪು ಬಣ್ಣ ಇಲ್ಲ ಅಂದರಂತೆ. ಫ್ರಾನ್ಸಿಗೆ ಬಂದ ಮೇಲೂ ಮೊದಲು ಸೇಂಟ್ ನಜೇರ್‌ನಲ್ಲಿ ಕೂಲಿ ಕೆಲಸಕ್ಕೇ ಹಚ್ಚಿದರು. ಕೊನೆಗೆ ಅಮೆರಿಕದ ದಂಡನಾಯಕರು ಇವರನ್ನ ಫ್ರೆಂಚ್ ಸೇನೆಗೆ ಒಪ್ಪಿಸಿ ಕೈ ತೊಳ್ಕೊಂಡರು. ಫ್ರೆಂಚರು ಬಂದೂಕು ಕೊಟ್ಟರು, ತಮ್ಮ ಹೆಲ್ಮೆಟ್ಟೇ ಕೊಟ್ಟರು. 191 ದಿನ ಆ ಹುಡುಗರು ಮುಂಚೂಣಿಯಲ್ಲಿದ್ದರು.

ಅವರಲ್ಲಿ ಹೆನ್ರಿ ಜಾನ್ಸನ್ ಅಂತ ಒಬ್ಬ, ಆಲ್ಬನಿ ರೈಲ್ವೆ ಸ್ಟೇಷನ್ನಿನಲ್ಲಿ ಸಾಮಾನು ಹೊರ್ತಿದ್ದೋನು. 1918ರ ಮೇ ತಿಂಗಳ ಒಂದು ರಾತ್ರಿ ಇವನೂ ನೀಡಂ ರಾಬರ್ಟ್ಸ್ ಅನ್ನೋನೂ ಕಾವಲಿದ್ದಾಗ ಜರ್ಮನ್ನರ ಗುಂಪು ಮೇಲೆ ಬಿತ್ತು. ಗುಂಡು ಮುಗಿದ ಮೇಲೆ ಜಾನ್ಸನ್ ಬಂದೂಕಿನ ಹಿಡಿಯಲ್ಲಿ ಬಡಿದ, ಆಮೇಲೆ ಕತ್ತಿ ಹಿಡಿದ. ಗಾಯಗೊಂಡ ಜೊತೆಗಾರನನ್ನ ಎಳ್ಕೊಂಡು ಹೋಗೋಕೆ ಬಿಡಲಿಲ್ಲ. ಮೈಮೇಲೆ 21 ಗಾಯ. ಫ್ರಾನ್ಸ್ ಇಬ್ಬರಿಗೂ 'ಕ್ರಾ ದ ಗೆರ್' ಪದಕ ಕೊಟ್ಟಿತು. 1919ರ ಫೆಬ್ರವರಿ 17ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಈ ದಳದ ಮೆರವಣಿಗೆ ನಡೀತು, ಜಾನ್ಸನ್ ತೆರೆದ ಕಾರಲ್ಲಿ ಬಂದ. ಆ ಮೆರವಣಿಗೆ ಫಿಲ್ಮ್‌ನಲ್ಲಿದೆ. ಒತ್ತೊತ್ತಾಗಿ ಸಾಲು ಕಟ್ಟಿ ನಡೆಯೋ ಆ ಹುಡುಗರನ್ನ ನಾನು ಮೂರು ಸಲ ನೋಡಿದೆ.

ಫಿಲ್ಮ್ ಅಲ್ಲಿಗೆ ಮುಗಿಯುತ್ತೆ. ಆದರೆ ಜಾನ್ಸನ್ ಡಿಸ್ಚಾರ್ಜ್ ಕಾಗದದಲ್ಲಿ ಗಾಯದ ಮಾತೇ ಇರಲಿಲ್ಲ. 1929ರಲ್ಲಿ ಬಡತನದಲ್ಲೇ ಸತ್ತ. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಅವನ ಹೆಸರಿಗೆ ಬಂದದ್ದು 2015ರಲ್ಲಿ, ಒಬಾಮ ಕೊಟ್ಟರು. 97 ವರ್ಷ! ಒಂದು ಕಾಗದದಲ್ಲಿ ಒಂದು ಸಾಲು ಬರೀದೇ ಬಿಟ್ಟರೆ ಏನಾಗುತ್ತೆ ಅಂತ ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ಕಾಗದದ ಕತೆ ಕೇಳಿ. 1918ರ ಆಗಸ್ಟ್ 7ರಂದು ಅಮೆರಿಕನ್ ಸೇನೆಯ ಜೊತೆಗಿದ್ದ ಕರ್ನಲ್ ಲಿನಾರ್ ಅನ್ನೋ ಫ್ರೆಂಚ್ ಅಧಿಕಾರಿ ಗುಟ್ಟಾಗಿ ಒಂದು ಸುತ್ತೋಲೆ ಹೊರಡಿಸಿದ. ಸಾರಾಂಶ ಇಷ್ಟು: ಕಪ್ಪು ಅಧಿಕಾರಿಗಳ ಜೊತೆ ಕೂತು ಉಣ್ಣಬೇಡಿ, ಕೈ ಕುಲುಕಬೇಡಿ, ಕೆಲಸಕ್ಕೆ ಬೇಕಾದಷ್ಟೇ ಮಾತಾಡಿ, ಬಿಳಿ ಅಮೆರಿಕನ್ನರ ಮುಂದೆ ಅವರನ್ನ ಅತಿಯಾಗಿ ಹೊಗಳಬೇಡಿ. ಉಣ್ಣಬೇಡಿ, ಮುಟ್ಟಬೇಡಿ. ಇದನ್ನ ಓದೋಕೆ ನನಗೆ ಡಿಕ್ಷನರಿ ಬೇಕಾಗಲಿಲ್ಲ. ಡುಬಾಯ್ಸ್ ಅನ್ನೋ ಕಪ್ಪು ವಿದ್ವಾಂಸ ಇದನ್ನ 1919ರ ಮೇ ತಿಂಗಳಲ್ಲಿ ತಮ್ಮ 'ದಿ ಕ್ರೈಸಿಸ್' ಪತ್ರಿಕೆಯಲ್ಲಿ ಹಾಗ್ಹಾಗೇ ಅಚ್ಚು ಹಾಕಿದರು. ಫ್ರೆಂಚ್ ಸರ್ಕಾರಕ್ಕೆ ಗೊತ್ತಾದಾಗ ಪ್ರತಿಗಳನ್ನ ಸುಡಿಸಿತು ಅಂತಲೂ ಬರೆದರು. ಹಾಗಂತ ಫ್ರಾನ್ಸೇನು ಸ್ವರ್ಗ ಅಲ್ಲ, ಆಫ್ರಿಕಾದಲ್ಲಿ ಅವರು ಮಾಡಿದ್ದು ಬೇರೇನೇ ಇದೆ. ಅದೇ ವರ್ಷ ಜುಲೈ 14ಕ್ಕೆ ಪ್ಯಾರಿಸ್ಸಿನಲ್ಲಿ ವಿಜಯದ ಪರೇಡ್ ಆದಾಗ ಅಮೆರಿಕ ತನ್ನ ಕಪ್ಪು ಸೈನಿಕರನ್ನ ನಡೆಸಲಿಲ್ಲ.

ಇದೇ ಡುಬಾಯ್ಸ್‌ಗೆ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದರು. ಕಪ್ಪುಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿ. ಡುಬಾಯ್ಸ್ ಉತ್ತರವನ್ನೂ ಬರೆದರು. ಬಾಬಾಸಾಹೇಬರ ಅಪ್ಪ ರಾಮಜಿ ಸುಬೇದಾರರು. ಆ ಸೇನೆಯೇ 1890ರ ದಶಕದಲ್ಲಿ ಮಹಾರರನ್ನ ತಗೊಳ್ಳೋದು ನಿಲ್ಲಿಸಿತು, ನೀವು ಯುದ್ಧದ ಜಾತಿ ಅಲ್ಲ ಅಂತ. 1917ರಲ್ಲಿ ಜನ ಸಾಲದೇ ಬಂದಾಗ 111ನೇ ಮಹಾರ್ ದಳ ಕಟ್ಟಿದರು, 1921ರಲ್ಲಿ ಬರ್ಖಾಸ್ತು ಮಾಡಿದರು. ಮತ್ತೆ ಯುದ್ಧ ಬಂತು, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಎದ್ದಿತು. ಬೇಕಾದಾಗ ಬನ್ನಿ, ಸಾಕಾದಾಗ ಹೋಗಿ.

ನಮ್ಮ ಮೈಸೂರಿಗೆ ಬನ್ನಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನ ಜೋಧಪುರದವರ ಜೊತೆ ಸೇರಿ ಗೆದ್ದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಪ್ರತಿ ಸೆಪ್ಟೆಂಬರ್ ಪೋಸ್ಟ್ ಬರುತ್ತೆ. ಬರಲಿ, ಹೆಮ್ಮೆಯೇ. ಆದರೆ ಆ ಕಾಲದ ಸೇನೆ ಅಂದ್ರೆ ಸವಾರರು ಮಾತ್ರ ಅಲ್ಲ. ಕುದುರೆ ನೋಡ್ಕೊಳ್ಳೋರು, ಹುಲ್ಲು ಕುಯ್ಯೋರು, ನೀರು ಹೊರೋರು, ಕಕ್ಕಸು ಬಳಿಯೋರು, ಜೀನು ಬೂಟು ಹೊಲಿಯೋರು. ಆ ಯುದ್ಧಕ್ಕೆ ಹಿಂದೂಸ್ತಾನದಿಂದ ಹೀಗೆ ಬಂದೂಕಿಲ್ಲದ ಕೆಲಸಕ್ಕೆ ಸೇರಿಸ್ಕೊಂಡೋರು ಐದೂವರೆ ಲಕ್ಷಕ್ಕೂ ಹೆಚ್ಚು.

ನಮ್ಮ ಹುಣಸೂರನ್ನೇ ತಗೊಳ್ಳಿ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಬ್ರಿಟಿಷ್ ಸೇನೆಯ ಕಮಿಸರಿಯಟ್ ಇತ್ತು. ಚರ್ಮ ಹದ ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಡಿಪೋ. ಅದು ಮುಚ್ಚಿದ ಮೇಲೂ ಕೆಲಸ ಕಲಿತೋರು ಊರಲ್ಲೇ ಉಳಿದು ಒಳ್ಳೇ ಬೂಟು, ಬೆನ್ನುಚೀಲ ಮಾಡ್ತಿದ್ದರು ಅಂತ ಹಳೇ ಗೆಜೆಟಿಯರ್‌ನಲ್ಲಿದೆ. ಬೂಟಿನ ಮಾತಿದೆ, ಹೊಲಿದೋರ ಹೆಸರಿಲ್ಲ. ಚರ್ಮದ ಕೆಲಸ ಯಾವ ಕೇರಿಯದು ಅಂತ ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹುಡುಗನಿಗೆ ಉತ್ತರ ಹೇಳಿದೆ: ಅವರು ಸೈನಿಕರೇ ಕಣೋ, ಹಮಾಲಿ ಮಾಡಿಸಿದರು. ಅವನು ಫಿಲ್ಮ್ ಮತ್ತೆ ಹಿಂದಕ್ಕೆ ಎಳೆದು, ಬಂದರಿನಲ್ಲಿ ಮೂಟೆ ಹೊತ್ತು ನಡೀತಾ ಕ್ಯಾಮೆರಾ ಕಡೆ ತಿರುಗಿ ನಗ್ತಿದ್ದ ಒಬ್ಬನ ಮುಖದ ಹತ್ತಿರ ನಿಲ್ಲಿಸಿದ. ಹೆಸರು ಗೊತ್ತಾಗುತ್ತಾ ಮಾವ ಅಂದ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ತಾಲ್ಲೂಕಿನ ಬಂಧುಗಳಲ್ಲಿ ಒಂದು ಮನವಿ. ನಿಮ್ಮ ತಾತ, ಮುತ್ತಾತ ಯಾವುದಾದರೂ ಯುದ್ಧಕ್ಕೆ, ಯಾವ ಕೆಲಸಕ್ಕೇ ಆಗಲಿ ಹೋಗಿದ್ದರೆ, ಟ್ರಂಕಿನಲ್ಲಿ ಬಿಲ್ಲೆ, ಡಿಸ್ಚಾರ್ಜ್ ಕಾಗದ, ಹಳೇ ಫೋಟೋ ಇದ್ದರೆ ದಯವಿಟ್ಟು ಎಸೀಬೇಡಿ. ಲ್ಯಾಮಿನೇಷನ್ನೂ ಮಾಡಿಸಬೇಡಿ, ಕಾಗದ ಹಾಳಾಗುತ್ತೆ. ಎರಡೂ ಕಡೆ ಫೋಟೋ ತೆಗೆದಿಡಿ, ಮನೆಯ ಹಿರಿಯರನ್ನ ಕೇಳಿ ಹೆಸರು ಬರೆದಿಡಿ. ನನಗೆ ಮೆಸೇಜ್ ಮಾಡಿದರೆ ಭಾನುವಾರ ನಾನೇ ಬೈಕಲ್ಲಿ ಬರ್ತೀನಿ.